ಮೂರನೆಯ ಮೆಟ್ಟಿಲಿನ ಮೇಲೆ ಕಾಲಿಡಬೇಡಿ

೧.
ಎಲ್ಲಿಂದ ಶುರು ಮಾಡಲಿ? ದೇಶ ಕಟ್ಟಿದವರ ಕತೆ ಎಂದಮೇಲೆ ಹುಟ್ಟಿನಿಂದಲೇ ಹೊರಡಬೇಕು ಅಂತೀರಿ. ಸರಿ, ಹೊರಟೆ: 'ದೊಡ್ಡವರು ಹುಟ್ಟಿದ ಬೆಳಗ್ಗೆ ಹೊಂಬಿಸಿಲು ಚೆಲ್ಲಿತ್ತು.'

"ಮೋಡ ಇತ್ತು ಸಾರ್," ಎಂದ ಗೈಡು. "ಅವರಪ್ಪನ ಡೈರಿ ಮೇಲಿನ ರೂಮಲ್ಲೇ ಇದೆ, ಬೇಕಾದ್ರೆ ನೋಡಿ."

(ಪಾತ್ರಗಳನ್ನು ತಲೆ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.) ಆ ಕರಡು ಹರಿದು ಹಾಕಿದೆ. ಗೈಡಿನಿಂದಲೇ ಶುರು ಮಾಡೋಣ.

೨.
ದೊಡ್ಡವರು ಬಾಳಿದ ಮನೆ ಈಗ ಮ್ಯೂಸಿಯಂ. ಗೈಡು ಅಲ್ಲಿ ಮೂವತ್ತೊಂದು ವರ್ಷ ಸವೆಸಿದ್ದಾನೆ; ಈ ತಿಂಗಳ ಕೊನೆಗೆ ನಿವೃತ್ತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಮಹಡಿ ಹತ್ತುತ್ತಿದ್ದ ಶಾಲೆಯ ಹುಡುಗಿಯೊಬ್ಬಳು ಮೂರನೆಯ ಮೆಟ್ಟಿಲು ಕಿರ್ರೆಂದದ್ದಕ್ಕೆ ಕೇಳಿದ್ದಳು: "ಇದನ್ನ ಯಾಕೆ ರಿಪೇರಿ ಮಾಡಿಸಿಲ್ಲ?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದೇ ಬೇರೆ. "ಮೇಲೆ ಅಮ್ಮ ಮಲಗಿರ್ತಾರೆ, ಎಚ್ಚರ ಆಗ್ಬಾರ್ದು ಅಂತ ದೊಡ್ಡವರು ಇದನ್ನ ದಾಟ್ಕೊಂಡೇ ಹತ್ತೋರು ಪುಟ್ಟಿ."

ಹುಡುಗಿ ಕಾಲೆತ್ತಿ ದಾಟಿದಳು. ಹಿಂದಿದ್ದ ಇಡೀ ಕ್ಲಾಸು ದಾಟಿತು.

ಆಮೇಲೆ ಆ ಕತೆಯನ್ನು ಹಿಡಿಯುವವರೇ ಇಲ್ಲ. ಟೀಚರ ಬಾಯಿಂದ ನಾಲ್ಕನೇ ಕ್ಲಾಸಿನ ಪಾಠಕ್ಕೆ, ಪಾಠದಿಂದ ಮಂತ್ರಿಗಳ ಭಾಷಣಕ್ಕೆ. ದೊಡ್ಡವರು ಮಾಡಿದ ಕಾನೂನುಗಳು ಯಾರಿಗೂ ನೆನಪಿಲ್ಲ (ನನಗಂತೂ ಇಲ್ಲ, ನಿಮಗೆ?). ಮೆಟ್ಟಿಲು ಮಾತ್ರ ಎಲ್ಲರಿಗೂ ಗೊತ್ತು.

೩.
ಮೊನ್ನೆ ಹೊಸ ನಿರ್ದೇಶಕಿ ಹಳೇ ಕಾಗದಪತ್ರ ಜಾಲಾಡಿ ಗೈಡನ್ನು ಕರೆಸಿದರು.

"ಈ ಮನೆ ಕೊಳ್ಳೋ ಎರಡು ವರ್ಷ ಮೊದಲೇ ದೊಡ್ಡವರ ತಾಯಿ ತೀರಿಕೊಂಡಿದ್ರು. ಮೇಲೆ ಮಲಗಿದ್ದೋರು ಯಾರು?"

ಗೈಡು ಬಾಗಿಲಾಚೆಯ ಮೆಟ್ಟಿಲ ಕಡೆ ನೋಡಿದ.

"ಯಾರು ಹೇಳಿಕೊಟ್ರು ಅಂತ ಬರೆದುಕೊಡಿ. ಹಿಂದಿನ ಗೈಡು ಅಂತ ಬರೆದ್ರೂ ನಡೆಯತ್ತೆ, ಅವರು ಹೇಗೂ ಹೋಗಿಬಿಟ್ರು. ನೀವೇ ಕಟ್ಟಿದ್ದು ಅಂತಾದ್ರೆ ನಿಮಗೆ ಬೀಳ್ಕೊಡುಗೆ ಮಾಡೋಕೂ ನನಗೆ ಮುಖ ಇರಲ್ಲ. ಸೋಮವಾರ ಬಡಗಿ ಬರ್ತಾನೆ, ಮೆಟ್ಟಿಲು ಸರಿ ಮಾಡ್ತಾನೆ."

೪.
ಮುಕ್ತಾಯ ಒಂದು: ಬೀರುವಿನ ಹಿಂದೆ ಹಳೇ ಪತ್ರವೊಂದು ಸಿಕ್ಕಿ, ಕತೆ ನಿಜವೆಂದು ಸಾಬೀತಾಗುತ್ತದೆ.

"ನನ್ನ ಸುಳ್ಳೇ ಸಾಲ್ದು ಅಂತ ನಿಮ್ದೊಂದು ಬೇರೆ," ಗೈಡು ರೇಗಿದ.

ಮುಕ್ತಾಯ ಎರಡು: ತಪ್ಪನ್ನು ಹಿಂದಿನ ಗೈಡಿನ ತಲೆಗೆ ಕಟ್ಟಿ, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಹೋಗುತ್ತಾನೆ.

"ಛೆ ಛೆ! ನನಗೆ ಕೆಲಸ ಕಲಿಸಿದೋರು ಅವರು."

"ಮತ್ತೆ ಮಲಗಿದ್ದೋರು ಯಾರಪ್ಪಾ?" ಎಂದೆ. (ಬರೆಯುವವನಿಗೇ ಗೊತ್ತಿಲ್ಲ, ನಾಚಿಕೆಗೇಡು.)

"ನಮ್ಮಮ್ಮ ಸಾರ್. ನರ್ಸು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗೋಳು. ನಮ್ಮನೇಲೂ ಮೂರನೇ ಮೆಟ್ಟಿಲು ಹೀಗೇ ಕಿರುಗುಟ್ತಿತ್ತು. ಸ್ಕೂಲಿಂದ ಬಂದೋನು ಶೂ ಕೈಯಲ್ಲಿ ಹಿಡ್ಕೊಂಡು ದಾಟ್ತಿದ್ದೆ. ಆ ಮನೆ ಕೆಡವಿದ್ರು. ಅವಳದ್ದೊಂದು ಫೋಟೋನೂ ಉಳಿದಿಲ್ಲ. ಇಲ್ಲಿ ಜನ ಕಾಲೆತ್ತಿ ದಾಟಿದಾಗೆಲ್ಲ... ಇಡೀ ದೇಶ ಅವಳ ನಿದ್ದೆ ಕಾಯ್ತಿದೆ ಅನ್ಸತ್ತೆ ಸಾರ್."

ನನ್ನ ಕಣ್ಣು ತುಂಬಿ ಬಂತು. (ಇಂಥ ಕತೆಗಳಲ್ಲಿ ಅಳಬಾರದಂತೆ. ಯಾರು ಹೇಳಿದರೋ!)

೫.
ಗೈಡು ಬರೆದುಕೊಟ್ಟ: 'ನಾನೇ ಕಟ್ಟಿದ್ದು. ಮಲಗಿದ್ದವಳು ನನ್ನ ತಾಯಿ.'

ನಿರ್ದೇಶಕಿ ಎರಡು ಸಲ ಓದಿದರು. ಕಾಗದ ಮಡಚಿಕೊಂಡು ಮಹಡಿಯ ಮೇಲಿನ ತಮ್ಮ ಆಫೀಸಿಗೆ ಹೊರಟರು. ಒಂದು. ಎರಡು. ಕಾಲು ಮೇಲೆದ್ದಿತು.

ಇಲ್ಲಿ ನಾನು ಕಾಗದದಿಂದ ಪೆನ್ನು ಮೇಲೆತ್ತಿದ್ದೇನೆ. ಆ ಕಾಲು ಮೂರಕ್ಕೆ ಇಳಿದರೆ ಬಡಗಿ ಬರುತ್ತಾನೆ. ನಾಲ್ಕಕ್ಕೆ ಹೋದರೆ ಏನಾಗುತ್ತದೋ, ನಾನು ಬರೆಯಲಾರೆ. ಆಮೇಲೆ, ಆಮೇಲೆ ಅಂತ ನೀವು ಜೋರು ಮಾಡುತ್ತಿದ್ದೀರಿ. ಕೆಳಗೆ ನಿಂತ ಗೈಡು ನಮ್ಮಿಬ್ಬರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಿದ್ದಾನೆ.

"ಶ್... ಮೆಲ್ಲಗೆ ಮಾತಾಡಿ. ಮಲಗಿದ್ದಾಳೆ."