ಗೆರೆ ದಾಟಿದ ಹಲಗೆ

“ಐದು ಮಂದಿ ಮುತ್ತೈದೇರು ಇದರ ಮ್ಯಾಲೆ ಹೆಂಗ ನಿಂದರ್ಬೇಕೋ?” ಎಂದು ಪ್ರೇಮವ್ವ ಮಗ ಓಂಪ್ರಕಾಶನನ್ನು ಕೇಳಿದರು. ಬಾಗಲಕೋಟೆಯಿಂದ ಈ ಪರದೇಶಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಇಳಕಲ್ ಸೀರೆಯ ಕೆಳಗೆ ಮಗ ಕೊಡಿಸಿದ ಬಿಳಿ ಬೂಟು ಹಾಕಿಕೊಂಡು, ಹೊಸ ಮನೆಯ ಹಿತ್ತಲಿನ ಡಾಕಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ದೋಣಿ ಕಟ್ಟಲೆಂದು ಕಾಲುವೆಯ ನೀರಿನ ಮೇಲೆ ತೇಲಬಿಟ್ಟ ಮರದ ಅಟ್ಟ ಅದು. ಒಬ್ಬರು ಹೆಜ್ಜೆ ಇಟ್ಟರೆ ಸುಮ್ಮನಿರುತ್ತಿತ್ತು, ಇಬ್ಬರು ಇಟ್ಟರೆ ಓಲಾಡುತ್ತಿತ್ತು.

ಗೃಹಪ್ರವೇಶಕ್ಕೆ ಮೊದಲು ಗಂಗೆ ತರಬೇಕು. ಐವರು ಹೆಂಗಸರು ನೀರಿನ ಹತ್ತಿರ ಹೋಗಿ, ಗಂಗವ್ವನ ಪೂಜೆ ಮಾಡಿ, ಕೊಡ ತುಂಬಿಕೊಂಡು ಬರಬೇಕು. ಕೊಡ ತುಂಬಿದ ಮೇಲೆ ದೇವರ ಮುಂದೆ ಇಳಿಸುವ ತನಕ ಹೊತ್ತವಳು ಬಾಯಿ ಬಿಡುವ ಹಾಗಿಲ್ಲ. ಸೊಸೆ ರಕ್ಷಿತಾ ಅಡುಗೆಮನೆಯ ನಳದ ನೀರೇ ಸಾಕಲ್ಲ ಎಂದು ಮೆಲ್ಲಗೆ ಹೇಳಿ ನೋಡಿದಳು. ಹಿತ್ತಲಲ್ಲಿ ಇಷ್ಟು ನೀರು ಇಟ್ಟುಕೊಂಡು ನಳಕ್ಕೆ ಕುಂಕುಮ ಹಚ್ಚುವುದೇ ಎಂದು ಅತ್ತೆ ಗದರಿದರು. ಇದು ಸಮುದ್ರದಿಂದ ಒಳಗೆ ಬರುವ ಉಪ್ಪುನೀರು ಎಂದು ಓಂಪ್ರಕಾಶ ತಿಳಿಸಿದ.

“ಉಪ್ಪಾದ್ರೂ ಗಂಗಿನ. ನಿನಗ ಕುಡಿ ಅಂದಿಲ್ಲ, ಪೂಜಾ ಮಾಡೂಣು ಅಂದೀನಿ.”

ಪಕ್ಕದಲ್ಲೇ ನಿಂತಿದ್ದ ವೈಶಾಲಿ ನಕ್ಕಳು. ನಗುತ್ತಲೇ, ತುದಿಗೆ ಇನ್ನೊಂದಿಷ್ಟು ಹಲಗೆ ಜೋಡಿಸಿದರೆ ಐದೇನು, ಏಳು ಮಂದಿ ನಿಲ್ಲಬಹುದು ಎಂದಳು. ಓಂಪ್ರಕಾಶನಿಗೆ ಅದು ಹಿಡಿಸಿತು. ಮರಗೆಲಸವೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ರಕ್ಷಿತಾ ವೈಶಾಲಿಯ ತೋಳು ಹಿಡಿದು, “ನೋಡ್ರಿ, ನಮ್ಮಕ್ಕಗ ಎಷ್ಟ ಲಗೂನ ಹೊಳೀತು!” ಎಂದಳು.

ಹಲಗೆ ಜೋಡಿಸುವ ಮಾತಿನಲ್ಲಿ ವೈಶಾಲಿಗೆ ಕಪಟವಿರಲಿಲ್ಲ. ಕಪಟ ಬಂದದ್ದು ಆಮೇಲೆ.

ರಕ್ಷಿತಾ ಅವಳ ಒಡಹುಟ್ಟಿದವಳಲ್ಲ. ಆರು ವರ್ಷದ ಹಿಂದೆ ಈ ದೇಶಕ್ಕೆ ಬಂದಿಳಿದಾಗ ಅವಳಿಗೆ ಕಾರು ಕಲಿಸಿದವಳು ವೈಶಾಲಿ. ಯಾವ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಡಾಕ್ಟರ ಮುಂದೆ ಏನು ಹೇಳಬೇಕು, ಕೆಲಸಕ್ಕೆ ಹೇಗೆ ಅಪ್ಲೈ ಮಾಡಬೇಕು, ಎಲ್ಲ ಅವಳೇ. ಹೆರಿಗೆಯ ದಿನ ಓಂಪ್ರಕಾಶ ಪಸಡೀನಾದ ಮೀಟಿಂಗಿನಿಂದ ಹೊರಟು ಫ್ರೀವೇಯಲ್ಲಿ ಸಿಕ್ಕಿಬಿದ್ದಿದ್ದಾಗ, ಒಳಗೆ ಬಿಡಲು ನರ್ಸು ಸಂಬಂಧ ಕೇಳಿದ್ದಳು. ಸಿಸ್ಟರ್ ಎಂದು ವೈಶಾಲಿ ಹೇಳಿದ್ದಳು. ಅಂದಿನಿಂದ ಈ ದೇಶದ ಯಾವ ಕೌಂಟರಿನ ಮುಂದೆ ನಿಂತರೂ ಅವರು ಅಕ್ಕತಂಗಿಯರೇ. ವೈಶಾಲಿಗೆ ಬೇರೆ ತಂಗಿ ಇರಲಿಲ್ಲ, ಅಣ್ಣತಮ್ಮಂದಿರೂ ಇರಲಿಲ್ಲ. ಅಕ್ಕಾ ಎಂದು ಕರೆಯುವ ಬಾಯಿ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ.

ಕಾರ್ಲ್ಸ್‌ಬಾಡಿನ ಈ ಕಾಲುವೆ ಮನೆಯನ್ನು ಮೊದಲು ನೋಡಿದವಳೂ ವೈಶಾಲಿಯೇ. ಬೆಲೆಗಳು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿದ್ದ 2004ರ ಬೇಸಿಗೆ. ಏಜೆಂಟ್ ಹೆಂಗಸು ವೈಶಾಲಿಯನ್ನೂ ಅವಳ ಗಂಡ ಚನ್ನವೀರನನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಮನೆ ನಿಮ್ಮದು, ಡಾಕಿನ ಹಲಗೆ ನಿಮ್ಮದು, ಆದರೆ ಕೆಳಗಿನ ನೀರೂ ನೀರಿನ ತಳವೂ ನಿಮ್ಮವಲ್ಲ. ಆ ನೀರಿನ ಮೇಲೆ ಹಲಗೆ ತೇಲಿಸಿದ್ದಕ್ಕೆ ಕಾಲುವೆ ಆಫೀಸಿಗೆ ವರ್ಷವರ್ಷವೂ ಚಾರ್ಜು ಕಟ್ಟಬೇಕು. ಮನೆ ಕೈಬದಲಾದರೆ ಹೊಸ ಯಜಮಾನರು ಪರ್ಮಿಟ್ಟಿಗೆ ಹೊಸದಾಗಿ ಅಪ್ಲೈ ಮಾಡಬೇಕು. ದಂಡೆಯ ಕಂಬಗಳ ಮೇಲಿನ ಹಳದಿ ಗುರುತುಗಳನ್ನು ತೋರಿಸಿ, ಇವುಗಳ ನೇರಕ್ಕೆ ನೀರಿನಲ್ಲೊಂದು ಗೆರೆ ಇದೆ ಎಂದುಕೊಳ್ಳಿ, ಅದರಾಚೆ ಹಲಗೆ ಚಾಚಿದರೆ ಡಾಕನ್ನೇ ಕೀಳಿಸುತ್ತಾರೆ ಎಂದೂ ಎಚ್ಚರಿಸಿದ್ದಳು. ಚನ್ನವೀರ ಅಲ್ಲೇ ಕೈಮುಗಿದುಬಿಟ್ಟ. ದೋಣಿ ಇಲ್ಲದವರು ದೋಣಿಕಟ್ಟೆಗೆ ದುಡ್ಡು ಕಟ್ಟುವುದೆಂದರೆ, ಎಮ್ಮೆ ಇಲ್ಲದವನು ಕೊಟ್ಟಿಗೆಗೆ ಬಾಡಿಗೆ ತೆತ್ತ ಹಾಗೆ ಎಂದ.

ವೈಶಾಲಿಗೆ ಮನೆ ಬೇಕಿತ್ತು. ಬೇಕು ಎನ್ನಲು ಬಿಂಕ ಬಿಡಲಿಲ್ಲ. ಆ ಸಂಜೆ ರಕ್ಷಿತಾಳ ಅಡುಗೆಮನೆಯಲ್ಲಿ ಕೂತು, ಗಂಡನ ಎಮ್ಮೆಯ ಮಾತನ್ನೇ ತನ್ನದೆಂಬಂತೆ ಹೇಳಿ ನಗಿಸಿದಳು. ರಕ್ಷಿತಾ ನಕ್ಕಳು. ನಕ್ಕು, ನಾವೂ ಸುಮ್ಮನೆ ಒಮ್ಮೆ ನೋಡಿ ಬರಲೇನಕ್ಕ ಎಂದು ಕೇಳಿದಳು. ಹೋಗಿ ಬಾ, ನೋಡಲಿಕ್ಕೆ ಚಾರ್ಜಿಲ್ಲ ಎಂದು ವೈಶಾಲಿಯೇ ವಿಳಾಸ ಬರೆದುಕೊಟ್ಟಳು. ಮುಂದಿನ ತಿಂಗಳು ಬೀಗದ ಕೈ ರಕ್ಷಿತಾಳ ಸೊಂಟದಲ್ಲಿತ್ತು.

ಅಂದಿನಿಂದ ವೈಶಾಲಿಯ ಹೊಟ್ಟೆಯಲ್ಲಿ ಕೆಂಡ. ಹೊಟ್ಟೆಕಿಚ್ಚು ಅಲ್ಲ, ಬೇಜಾರು ಎಂದು ತನಗೆ ತಾನೇ ಹೇಳಿಕೊಂಡಳು; ಆದರೆ ಬೇಜಾರಾದವರು ಪಾತ್ರೆಗಳನ್ನು ಅಷ್ಟು ಸದ್ದು ಮಾಡಿ ಇಡುವುದಿಲ್ಲ. ಅವಳ ಮನೆಯ ಕಿಟಕಿ ತೆರೆದರೆ ಎದುರು ಮನೆಯವರ ಗರಾಜು ಕಾಣುತ್ತಿತ್ತು. ಕನ್ನಡ ಸಂಘದಲ್ಲಿ ಎಲ್ಲರೂ ಕಾಲುವೆ ಮನೆಯ ಮಾತನ್ನೇ ಆಡುತ್ತಿದ್ದರು. ರಕ್ಷಿತಾಳನ್ನು ಪರಿಚಯಿಸುತ್ತಿದ್ದವಳು ತಾನು, ಈಗ ರಕ್ಷಿತಾಳ ಜೊತೆಗಿರುವ ಹೆಂಗಸು ತಾನು. ಅದು ಅವಳಿಗೆ ಉಗುರಿನ ಸಂದಿಯ ಮುಳ್ಳಾಯಿತು.

ಡಾಕ್ ಅಗಲ ಮಾಡುವ ಮಾತಾದ ವಾರದಲ್ಲೇ ಓಂಪ್ರಕಾಶ ಹಲಗೆ ತಂದು ಬಡಿದು ಮುಗಿಸಿದ. ನೋಡಲು ಹೋದ ವೈಶಾಲಿಗೆ, ಮರೆತೇಹೋಗಿದ್ದ ಕಂಬದ ಹಳದಿ ಗುರುತು ಕಣ್ಣಿಗೆ ಬಿತ್ತು. ಹೊಸ ಹಲಗೆ ಅದರ ನೇರವನ್ನು ಚೆನ್ನಾಗಿಯೇ ದಾಟಿ ಮುಂದೆ ಚಾಚಿತ್ತು. ಹೇಳಬೇಕೆಂದು ಬಾಯಿಗೆ ಬಂತು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಅವಳ ಮಗಳು ಆ ಹಲಗೆಯ ತುದಿಯಲ್ಲಿ ಬೋರಲಾಗಿ ಮಲಗಿ, ನೀರಿಗೆ ಕೈಯಾಡಿಸುತ್ತ, “ವೈ ಡಿಡಂಟ್ ವಿ ಬೈ ದಿಸ್ ಒನ್, ಮಾಮ್?” ಎಂದಳು. ರಕ್ಷಿತಾ ಒಳಗಿನಿಂದ ಮಂಡಕ್ಕಿ ಗಿರ್ಮಿಟ್ ತರುತ್ತಿದ್ದಳು. ವೈಶಾಲಿ ಬಾಯಿ ಮುಚ್ಚಿಕೊಂಡಳು.

ಮರುದಿನ ಆಫೀಸಿನ ಊಟದ ಹೊತ್ತಿನಲ್ಲಿ ಕಾರಿನಲ್ಲಿ ಕೂತು ಫೋನ್ ಹಿಡಿದಳು. ಓಂಪ್ರಕಾಶನಿಗೆ ಫೋನ್ ಮಾಡಿ ಗುರುತಿನ ವಿಷಯ ಹೇಳಿದ್ದರೆ ಎರಡು ನಿಮಿಷದ ಮಾತು. ಅವಳು ಮಾಡಿದ್ದು ಕಾಲುವೆ ಆಫೀಸಿಗೆ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು. ಹೆಸರು ಹೇಳಬೇಕಾಗಿಲ್ಲ ಎಂದಳು, ವೈಶಾಲಿ ಹೇಳಲಿಲ್ಲ. ನೀವು ನೆರೆಯವರೇ ಎಂದು ಕೇಳಿದಳು. ಅಲ್ಲ, ಅದು ನನ್ನ ತಂಗಿಯ ಮನೆ, ಮಕ್ಕಳು ಓಡಾಡುವ ಜಾಗ, ಹಲಗೆ ಗೆರೆ ದಾಟಿದೆ, ಬಿದ್ದರೆ ಗತಿಯೇನು ಎಂದು ಭಯ ಎಂದಳು ವೈಶಾಲಿ. ಸಿಸ್ಟರ್ ಎಂಬ ಮಾತು ಅಭ್ಯಾಸದಿಂದ ಬಂದಿತ್ತು, ಅದು ಅವಳ ಗಮನಕ್ಕೇ ಬರಲಿಲ್ಲ. ಫೋನಿಟ್ಟ ಮೇಲೆ ಡಬ್ಬಿ ಬಿಚ್ಚಿ ಚಪಾತಿ ತಿಂದಳು. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಎರಡು ದಿನಕ್ಕೆ ಕಾಲುವೆ ಆಫೀಸಿನ ಇನ್ಸ್‌ಪೆಕ್ಟರ್ ದೋಣಿಯಲ್ಲಿ ಬಂದು, ಟೇಪು ಹಿಡಿದು ಅಳೆದು, ಕಂಬಕ್ಕೆ ಕೆಂಪು ಚೀಟಿ ಅಂಟಿಸಿ ಹೋದ. ರಕ್ಷಿತಾ ಮೊದಲು ಫೋನ್ ಮಾಡಿದ್ದು ಅಕ್ಕನಿಗೇ. ಪರ್ಮಿಟ್ ಇನ್ನೂ ತಮ್ಮ ಹೆಸರಿಗೆ ಆಗಿಲ್ಲವಂತೆ, ಈಗ ಕೊಡುವುದೇ ಇಲ್ಲ ಎಂದರೆ ಡಾಕನ್ನೇ ಕಿತ್ತುಹಾಕುತ್ತಾರಂತೆ, ಅತ್ತೆ ಇದನ್ನು ಅಪಶಕುನ ಎನ್ನುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿ ಅತ್ತಳು. ವೈಶಾಲಿ ಸಮಾಧಾನ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಆಫೀಸಿಗೆ ಖುದ್ದಾಗಿ ಹೋಗಿ ಮಾತಾಡಿ, ಕೇಳಿಕೊಂಡರೆ ಒಪ್ಪುತ್ತಾರೆ ಎಂದು ದಾರಿಯನ್ನೂ ತೋರಿಸಿದಳು. ಅವಳ ಧ್ವನಿಯಲ್ಲಿ ಎಷ್ಟು ಮಮತೆ ಇತ್ತೆಂದರೆ ಅವಳಿಗೇ ಅದು ನಿಜವೆನಿಸಿತು. ನಿಜವೂ ಆಗಿತ್ತು. ಅದೇ ಕಷ್ಟ.

ಓಂಪ್ರಕಾಶ ಹೊಸ ಹಲಗೆಗಳನ್ನು ಕೊಯ್ದು ತೆಗೆದ. ಗಂಡಹೆಂಡತಿ ಆಫೀಸಿಗೆ ಹೋಗಿ ಬಂದರು. ಪರ್ಮಿಟ್ ಸಿಕ್ಕಿತೆಂದು ವೈಶಾಲಿಗೆ ತಿಳಿದದ್ದು ಚನ್ನವೀರನಿಂದ, ಅವನಿಗೆ ಓಂಪ್ರಕಾಶನಿಂದ. ರಕ್ಷಿತಾ ಫೋನ್ ಮಾಡಲಿಲ್ಲ. ಗೃಹಪ್ರವೇಶದ ಗಡಿಬಿಡಿ ಇರಬೇಕು ಎಂದುಕೊಂಡಳು ವೈಶಾಲಿ. ದಿನಕ್ಕೆ ಎರಡು ಸಲ ಬರುತ್ತಿದ್ದ ಫೋನು ಆ ವಾರವಿಡೀ ಬರಲಿಲ್ಲ. ತಾನೇ ಮಾಡಿದರೆ, ಕೈ ಹಿಟ್ಟಾಗಿದೆ ಅಕ್ಕ, ಆಮೇಲೆ ಮಾಡುತ್ತೇನೆ ಎಂಬ ಉತ್ತರ. ಮನೆ ಹೋದರೆ ಹೋಯಿತು, ಮನೆಯ ಜೊತೆ ಇವಳೂ ಹೋದರೆ ಎಂಬ ಹೆದರಿಕೆ ಅವಳಿಗೆ ಮೊದಲ ಸಲ ಹುಟ್ಟಿತು.

ಶನಿವಾರ ಬೆಳಿಗ್ಗೆ ಕಾಲುವೆಯ ಮೇಲೆ ತೆಳ್ಳಗೆ ಮಂಜಿತ್ತು. ಮೂವತ್ತು ಮಂದಿ ಹಿತ್ತಲಲ್ಲಿ ನೆರೆದಿದ್ದರು. ಡಾಕ್ ಮತ್ತೆ ಮೊದಲಿನಷ್ಟೇ ಕಿರಿದು, ತುದಿಯಲ್ಲಿ ಗರಗಸದ ಹಸಿ ಗುರುತು. ಐವರೂ ಒಟ್ಟಿಗೆ ನಿಲ್ಲಲಾಗದು. ಹೀಗಾಗಿ ಪ್ರೇಮವ್ವ ಹೊಸ ಏರ್ಪಾಟು ಮಾಡಿದ್ದರು: ಮನೆಯೊಡತಿ ರಕ್ಷಿತಾ ತುದಿಯಲ್ಲಿ ಕೂತು ಪೂಜೆ ಮಾಡಿ ಕೊಡ ತುಂಬಿ ಕೊಡುವುದು, ಉಳಿದವರು ಒಬ್ಬೊಬ್ಬರಾಗಿ ಹೋಗಿ ತರುವುದು, ಕಡೆಗೆ ತನ್ನ ಕೊಡ ಹಿಡಿದು ರಕ್ಷಿತಾ ಬರುವುದು. ಯಾರು ಮೊದಲು ಎಂಬ ಪ್ರಶ್ನೆ ಏಳಲಿಲ್ಲ.

“ವೈಶಾಲಿನ ಮೊದಲ ಹೋಗ್ಲಿ. ಆಕಿ ಇಲ್ಲಿ ತವರಮನಿ ಇದ್ದಂಗ,” ಎಂದರು ಪ್ರೇಮವ್ವ.

ಹಲಗೆ ಓಲಾಡಿತು. ವೈಶಾಲಿ ಸೀರೆಯ ನಿರಿಗೆ ಎತ್ತಿ ಹಿಡಿದು ತುದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ದಂಡೆಯ ಮೇಲಿನವರು ಮಾತಿನಲ್ಲಿ ಮುಳುಗಿದ್ದರು. ರಕ್ಷಿತಾ ತಲೆಯೆತ್ತದೆ ಅವಳ ಹಣೆಗೆ ಕುಂಕುಮವಿಟ್ಟಳು, ಕೆನ್ನೆಗೆ ಅರಿಸಿನ ಹಚ್ಚಿದಳು. ಬೆರಳು ತಣ್ಣಗಿದ್ದವು.

“ಆಫೀಸಿನಾಗ ಒಬ್ಬಾಕಿ ಇದ್ಲಕ್ಕ. ಭಾಳ ಒಳ್ಳೇಕಿ,” ಎಂದಳು ಮೆಲ್ಲಗೆ. “ಮನಸಿಗೆ ಹಚ್ಚಿಕೋಬ್ಯಾಡ್ರಿ, ನಿಮ್ಮಕ್ಕ ಮಕ್ಕಳ ಮ್ಯಾಲಿನ ಕಾಳಜಿಲೆ ಫೋನ್ ಮಾಡ್ಯಾರ, ಅಂಥ ಅಕ್ಕ ಇರಬೇಕು ಅಂದ್ಲು.”

ವೈಶಾಲಿ ದಂಡೆಯ ಮೇಲಿದ್ದ ಓಂಪ್ರಕಾಶನತ್ತ ಕಣ್ಣು ಹಾಯಿಸಿದಳು.

“ಇವ್ರು ಕಾರ್ ತರಾಕ ಹೋಗಿದ್ರು, ಕೇಳಿಸ್ಕೊಂಡಿಲ್ಲ. ನಾನೂ ಹೇಳಿಲ್ಲ.” ರಕ್ಷಿತಾ ಕೊಡವನ್ನು ನೀರಿಗೆ ಬಾಗಿಸಿದಳು. ಗುಳುಗುಳು ಎಂದು ನೀರು ಒಳಗಿಳಿಯಿತು. “ನನಗ ಈ ದೇಶದಾಗ ಅಕ್ಕಂದಿರು ಎಷ್ಟ ಮಂದಿ ಅದಾರಕ್ಕ?”

“ರಕ್ಷಿ, ನಾ...” ಎಂದು ವೈಶಾಲಿ ಬಾಯಿ ತೆರೆಯುವಷ್ಟರಲ್ಲಿ ತುಂಬಿದ ಕೊಡ ಅವಳ ಎರಡೂ ಕೈಗೆ ಬಂದಿತ್ತು.

“ಕೊಡ ತುಂಬೇತಿ! ಇನ್ನ ಮಾತಿಲ್ಲ,” ಎಂದು ದಂಡೆಯಿಂದ ಪ್ರೇಮವ್ವ ಕೂಗಿದರು.

ಎದ್ದಳು. ಕೊಡ ಭಾರವಾಗಿತ್ತು, ಅಂಚಿನಿಂದ ಚೆಲ್ಲಿದ ನೀರು ತೋಳಿನ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಯಾರೋ ಫೋಟೋ ತೆಗೆದರು. ಚನ್ನವೀರ ಹತ್ತಿರ ಬಂದು, ಮುಖ ಯಾಕೆ ಹೀಗಾಯಿತು, ಕೊಡ ನಾನು ಹಿಡಿಯಲೇ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಹೇಳಬೇಕಾದ ಮಾತುಗಳು ಎರಡಿದ್ದವು, ತಪ್ಪಾಯಿತು ಎಂಬುದೊಂದು, ಇಲ್ಲವೇ ಇಲ್ಲ, ನಾನಲ್ಲ ಎಂಬುದೊಂದು. ಹಿತ್ತಲ ಬಾಗಿಲಿನಿಂದ ದೇವರ ಮುಂದಿನ ತನಕ ಅಷ್ಟು ದೂರವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ದೇವರ ಮುಂದೆ ಐದು ಕೊಡ ಇಡಲು ಉದ್ದನೆಯ ಮಣೆ ಹಾಕಿದ್ದರು. ಕೊಡ ಹಿಡಿದು ಬಗ್ಗಿದಾಗ ವೈಶಾಲಿಗೆ ಆ ಮಣೆಯ ಗುರುತು ಸಿಕ್ಕಿತು: ಡಾಕಿನಿಂದ ಕೊಯ್ದ ಹೊಸ ಹಲಗೆ. ತೊಳೆದು, ಅರಿಸಿನ ಬಳಿದು, ಎಳೆ ಎಳೆಯಾಗಿ ರಂಗೋಲಿ ಬಿಟ್ಟಿದ್ದರು. ಅದರ ಮೇಲೆ ಕೊಡ ಇಳಿಸಿದಳು.

“ಇಳಿಸ್ದೆಲ್ಲ ಯವ್ವಾ, ಈಗ ಮಾತಾಡು,” ಎಂದರು ಬಾಗಿಲಲ್ಲಿ ನಿಂತ ಪ್ರೇಮವ್ವ.

ವೈಶಾಲಿ ತಿರುಗಿದಳು. ಗಾಜಿನ ಬಾಗಿಲಿನಾಚೆ ಡಾಕಿನ ತುದಿಯಲ್ಲಿ ರಕ್ಷಿತಾ ಈ ಕಡೆ ನೋಡದೆ ಎರಡನೆಯ ಕೊಡವನ್ನು ನೀರಿಗೆ ಬಾಗಿಸಿ ಹಿಡಿದಿದ್ದಳು, ಅದು ತುಂಬುತ್ತಿತ್ತು.