ಮೂರು ಅಡಿಯ ಮುಹೂರ್ತ

ರಾಂಜಣಗಾಂವದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ನಾನು ಹಡಪಸರದಾಚೆಯ ನಮ್ಮ ಪ್ಲಾಟಿಗೆ ಬರುವಷ್ಟರಲ್ಲಿ ಮಾವ ಶಿವರುದ್ರಪ್ಪ ಪಾಯಾ ಪೂಜೆ ಮುಗಿಸಿಬಿಟ್ಟಿದ್ದರು. ಈಶಾನ್ಯ ಮೂಲೆಯಲ್ಲಿ ಮೂರಡಿಯ ಗುಂಡಿ, ತಳದಲ್ಲಿ ನವಧಾನ್ಯ ತುಂಬಿದ ತಾಮ್ರದ ತಂಬಿಗೆ, ಮೇಲೆ ಅರಿಶಿನ ಕುಂಕುಮ. ನನ್ನ ಗಂಡ ಬಸವಲಿಂಗ ಪೇಢೆಯ ಡಬ್ಬಿ ಹಿಡಿದು ತಪ್ಪು ಮಾಡಿದವನ ಹಾಗೆ ನಿಂತಿದ್ದ.

ಪೂಜೆಯಾದ ಗುಂಡಿಯನ್ನು ಮತ್ತೆ ಅಗೆಯಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಮಾತಿನಲ್ಲಿ ಗೆಲ್ಲಲಾಗದ್ದನ್ನು ಮಾವ ಮುಹೂರ್ತ ಇಟ್ಟು ಗೆದ್ದಿದ್ದರು, ಅದೂ ನಾನು ಪಾಳಿಯಲ್ಲಿದ್ದಾಗ. ನನ್ನ ಮೈ ಉರಿದುಹೋಯಿತು.

ನಮ್ಮ ಜಗಳ ಶುರುವಾಗಿ ತಿಂಗಳಾಗಿತ್ತು. ಮಾವನದು ಒಂದೇ ಹಟ: ಕಲ್ಲಿನ ಪಾಯಾ, ಮೂರಡಿ. ಊರಲ್ಲಿ ಅವರು ಕಟ್ಟಿಸಿದ ಮನೆ ಹಾಗೇ ನಿಂತಿದೆಯಂತೆ. ನಿಲ್ಲದೇನು, ಅದರ ಕೆಳಗೆ ಬಂಡೆಯಿದೆ! ಗಟ್ಟಿ ನೆಲಕ್ಕೆ ಕಲ್ಲಿನ ಪಾಯಾ ಸಾಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಬಿರಿಸುತ್ತದೆ. ಎಂಜಿನಿಯರ್ ಸ್ನೇಹಲ್ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಮನೆಯಡಿ ಪೂರ್ತಿ ಒಂದೇ ಕಾಂಕ್ರೀಟ್ ಹಾಸು ಹಾಕಬಹುದು, ಕಬ್ಬಿಣ ಸಿಮೆಂಟು ಮಾತ್ರ ಸಿಕ್ಕಾಪಟ್ಟೆ ಬೇಕು. ಗಟ್ಟಿ ನೆಲ ಬಹಳ ಕೆಳಗಿದ್ದರೆ ಯಂತ್ರದಿಂದ ಕೊರೆದು ಕಂಬ ಇಳಿಸುತ್ತಾರೆ. ನಮ್ಮಲ್ಲಿ ಏಳೆಂಟು ಅಡಿಗೇ ಮುರುಮಿನ ಗಟ್ಟಿ ನೆಲ ಸಿಗುತ್ತದೆ. ಅಲ್ಲಿಯವರೆಗೆ ಹನ್ನೆರಡು ಗುಂಡಿ ತೋಡಿ ಪಿಲ್ಲರ್ ಎಬ್ಬಿಸಿದರೆ ಆಯಿತು. ಇಪ್ಪತ್ತು ವರ್ಷ ಬಾಡಿಗೆಯ ಎರಡು ಖೋಲಿಯಲ್ಲಿ ಕಳೆದವಳು ನಾನು. ಬಿರುಕು ಬಿಡುವ ಮನೆ ನನಗೆ ಬೇಡ.

ಒಂದು ಸಲಾಕೆ ತೆಗೆದುಕೊಂಡು ಮಾವನ ಕಾಲ ಬಳಿಯ ನೆಲದ ಬಿರುಕಿಗೆ ಇಳಿಸಿದೆ. ನಾಲ್ಕಡಿ ಇಳಿಯಿತು.

"ನೋಡ್ರಿ ಮಾವಾ, ನಿಮ್ಮ ಪಾಯಾಕ್ಕಿಂತ ಈ ಬಿರುಕು ಆಳ ಅದ."

"ರೇಣು, ಪೂಜಾ ಆಗ್ಯದ, ಮುಗೀತು. ಆ ಕುಣಿ ಮುಟ್ಟಿದ್ರ ಈ ಮನ್ಯಾಗ ನಾ ಕಾಲಿಡೂದಿಲ್ಲ."

"ನಿಮ್ಮ ಖೋಲಿ ನಿಮಗಽ ಇರ್ತದ್ರಿ. ಬರೂದು ಬಿಡೂದು ನಿಮ್ಮ ಮರ್ಜಿ. ಪಾಯಾ ಮಾತ್ರ ಮುರುಮಿನ ತನಕಾ ಹೋಗ್ತದ."

ಮನೆ ಕಟ್ಟಲು ಬಂದಿದ್ದ ಗೌಂಡಿ ಹುಲಿಗೆಪ್ಪನಿಗೆ ಅಗೆಯಲು ಹೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾ ಒಲ್ಲೆರಿ ಅಕ್ಕಾರ. ಪೂಜಾದ ಕುಣಿ ಅದು. ನನಗೂ ಮಕ್ಕಳು ಮರಿ ಅದಾವ."

ಒಲ್ಲದಿದ್ದರೆ ಬಿಡಲಿ. ಚಪ್ಪಲಿ ಕಳಚಿ ಗುಂಡಿಗಿಳಿದೆ. ತಂಬಿಗೆಗೆ ಕೈಮುಗಿದು, ಎತ್ತಿ ದಂಡೆಯ ಮೇಲಿಟ್ಟೆ. ದೇವರ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಗುದ್ದಲಿ ಬೀಸಿದೆ.

"ಬಸವಲಿಂಗಾ, ನಡಿ," ಎಂದರು ಮಾವ.

ಬಸವಲಿಂಗ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. ಆಮೇಲೆ ಸ್ಕೂಟರಿನ ಕೀಲಿ ತೆಗೆದ. ಅಪ್ಪ ಮಗ ಹತ್ತಿದ ಸ್ಕೂಟರು ರಸ್ತೆಗೆ ಹೊರಳಿದ ಸದ್ದು ಕೇಳಿದಾಗ ಅಳು ಬಂತು, ಸುಳ್ಳೇಕೆ ಹೇಳಲಿ. ಆದರೆ ಕೈ ನಿಲ್ಲಿಸಲಿಲ್ಲ.

ಎರಡು ಗೇಣು ಅಗೆಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಮೇಲೆ ಹುಲಿಗೆಪ್ಪ ತಾನೂ ಸಲಾಕೆ ತೆಗೆದುಕೊಂಡು ಒಂದೊಂದೇ ಬಿರುಕಿಗೆ ಇಳಿಸಿ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಗುಂಡಿಯ ಅಂಚಿಗೆ ಬಂದು ನಿಂತ.

"ಅಕ್ಕಾರ, ಮ್ಯಾಲ ಬರ್ರಿ."

"ನಿನ್ನ ಮಾತೂ ಕೇಳೂದಿಲ್ಲ ನಾ."

"ಹಂಗಲ್ರಿ. ಕುಣ್ಯಾಗ ಇಬ್ಬರು ನಿಂತು ಅಗ್ಯಾಕ ಜಾಗಾ ಸಾಲೂದಿಲ್ಲ."

ತಲೆಯೆತ್ತಿ ನೋಡಿದೆ. ಅವನ ಕೈಯಲ್ಲಿ ಹಾರೆಯಿತ್ತು. ಬೆನ್ನು ನೆಟ್ಟಗೆ ಮಾಡಿ ಸೆರಗಿನಿಂದ ಮುಖ ಒರೆಸಿಕೊಂಡೆ.

"ಇನ್ನೂ ಹನ್ನೊಂದು ಕುಣಿ ಅವ, ಅವನ್ನ ನೀ ಅಗಿ. ಇದನ್ನ ಮುಟ್ಟಿದಾಕಿ ನಾ. ಮುರುಮು ಹತ್ತೂತನಕಾ ನಾನಽ ಅಗೀತೀನಿ."