ಮೇಜರನಿಗೆ ಮೊದಲು ಬಡಿಸಿದ ಊಟ

ಅಳಿಯ ತಿರುಮಲೇಶ ಬೆಂಗಳೂರಿನ ಪಂಚಾಂಗ ನೋಡಿ ತಿಥಿ ಭಾನುವಾರವೆಂದುಕೊಂಡಿದ್ದ. ನಾವಿದ್ದ ಡೆಟ್ರಾಯಿಟ್ಟಿನ ಹೊತ್ತಿಗೆ ಲೆಕ್ಕ ಹಾಕಿದರೆ ಅದು ಶನಿವಾರವೇ ಬೀಳುತ್ತಿತ್ತು. ನಾನು ಹೇಳುವಷ್ಟರಲ್ಲಿ ಅವನು ಪರದೇಶದಿಂದ ವಾಹನ ಕೊಳ್ಳಲು ಬಂದಿದ್ದ ಮೇಜರನನ್ನು ಶನಿವಾರದ ಊಟಕ್ಕೆ ಕರೆದಾಗಿತ್ತು.

ತಿಥಿ ನನ್ನ ಮಗ ಕೇಶವನದು. ಮಗನಿಗೆ ತಂದೆ ಪಿಂಡವಿಡುವ ದಿನ ಯಾರಿಗೂ ಬಾರದಿರಲಿ. ಕೇಶವ ಈ ಮೇಜರನ ದೇಶದಲ್ಲಿ ವೈದ್ಯನಾಗಿದ್ದ. ೧೯೭೩ರಲ್ಲಿ ಅಲ್ಲಿನ ಒಂದು ಹಳ್ಳಿಯಲ್ಲಿ ಜ್ವರದಿಂದ ಬಿದ್ದವನನ್ನು ರಾಜಧಾನಿಗೆ ಒಯ್ಯಲು ಒಂದು ಗಾಡಿ ಸಿಗಲಿಲ್ಲ. ಮೂರನೆಯ ದಿನ ಬಂದ ಲಾರಿ ಅವನ ದೇಹವನ್ನು ಹೊತ್ತೊಯ್ದಿತು.

ತಿರುಮಲೇಶ ಸ್ಟರ್ಲಿಂಗ್ ಹೈಟ್ಸಿನ ವಾಹನ ಕಾರ್ಖಾನೆಯಲ್ಲಿ ಇಂಜಿನಿಯರು. ಮೇಜರನ ದೇಶದ ಸೇನಾ ಸರ್ಕಾರ ವಾಹನ ಕೊಳ್ಳಲು ಬಂದಾಗ ಹಠ ಹಿಡಿದು ಪಟ್ಟಿಗೆ ನಲವತ್ತು ಆಂಬುಲೆನ್ಸು ಸೇರಿಸಿದ್ದ. ಮೇಜರ್ ಇನ್ನೂ ರುಜು ಹಾಕಿರಲಿಲ್ಲ.

ಅವನು ಹನ್ನೊಂದೂವರೆಗೇ ಬಂದ. ಎದೆಯ ಮೇಲೆ ಮೂರು ಸಾಲು ಪದಕ. ಅವರ ಸೈನ್ಯ ಗೆದ್ದದ್ದು ತನ್ನದೇ ಊರಿನ ರೇಡಿಯೋ ನಿಲಯವನ್ನು ಮಾತ್ರ.

“ಮಾವ, ಒಂದು ಗಂಟೆಗೆ ಏರ್‌ಪೋರ್ಟಿಗೆ ಹೊರಡ್ಬೇಕಂತೆ. ವೇಟ್ ಮಾಡ್ಸಿದ್ರೆ ಸೈನ್ ಮಾಡ್ದೆ ಹೋಗ್ಬಿಡ್ತಾನೆ,” ಎಂದ ತಿರುಮಲೇಶ.

ಮಗಳು ಶಾರದ ಮಡಿಯಲ್ಲಿ ಅಡಿಗೆ ಮುಗಿಸಿದ್ದಳು. “ನಮ್ಮ ಕೇಶವನಿಗೆ ಇಡೋಕ್ಕಿಂತ ಮುಂಚೆ ಆ ಮೀಸೆಗೆ ಬಡಿಸ್ಬೇಕಾ? ಚೆನ್ನಾಗಿದೆ ರೀ ನಿಮ್ಮ ನ್ಯಾಯ!”

ಪಿತೃಗಳಿಗೆ ಇಡದ ಅಡಿಗೆಯನ್ನು ನಮ್ಮ ಮನೆಯಲ್ಲಿ ಮಕ್ಕಳೂ ಮುಟ್ಟಿದವರಲ್ಲ. ಆದರೆ ರೋಗಿಗೆ ಗಾಡಿ ಬರುವುದಾದರೆ ಕೇಶವ ಕಾದಾನು ಅನ್ನಿಸಿತು.

“ಬಡಿಸಮ್ಮ,” ಎಂದೆ.

ಮೇಜರ್ ಮೂರು ಸಲ ವಡೆ ಹಾಕಿಸಿಕೊಂಡ. ಕೈ ಒರೆಸಿಕೊಂಡು ಪಟ್ಟಿ ತೆಗೆದು, ಇಂಗ್ಲಿಷಿನಲ್ಲಿ ಓದಿದ: ಮೊದಲು ಸೈನ್ಯಕ್ಕೆ ಜೀಪು, ಅನಂತರ ಜನರಲ್ಲುಗಳಿಗೆ ಕಾರು, ಅನಂತರ ಮೆರವಣಿಗೆಗೆ ತೆರೆದ ಕಾರು.

“ಸರ್, ಆಂಬುಲೆನ್ಸು?” ಎಂದ ತಿರುಮಲೇಶ.

“ಅದನ್ನು ಹೋದ ವಾರವೇ ತೆಗೆದೆವು.”

“ಹಳ್ಳಿಯ ರೋಗಿಗಳು ಏನು ಮಾಡಬೇಕು?” ಎಂದು ನಾನು ಕೇಳಿದೆ.

ಅವನು ನಕ್ಕ. “ರೋಗಿಗಳು ಸರ್ಕಾರ ಉರುಳಿಸುವುದಿಲ್ಲ, ಯಜಮಾನರೇ. ಸಿಪಾಯಿಗಳು ಉರುಳಿಸುತ್ತಾರೆ. ನಾವೇ ಹಾಗೆ ಬಂದವರು.”

ದೇಶವನ್ನು ಆಳುವ ಬುದ್ಧಿ ಅಷ್ಟೇ! ಪಕ್ಕದ ಕೋಣೆಯ ಸಿಪಾಯಿಗೆ ಹೆದರುವುದು, ಆ ಹೆದರಿಕೆಯನ್ನು ಟೈಪು ಮಾಡಿಸಿ ಯೋಜನೆಯೆಂದು ಮೊಹರು ಹೊಡೆಯುವುದು. ಇಂಥವನಿಗಾಗಿ ನನ್ನ ಮಗನನ್ನು ಕಾಯಿಸಿದೆ.

ಕಾರು ಹೋದ ಮೇಲೆ ಶಾರದ ಪಾತ್ರೆಗಳನ್ನು ಬರಿದು ಮಾಡಿದಳು. ಮುಸುರೆಯಾದದ್ದನ್ನು ಇಡುವಂತಿಲ್ಲ.

“ಮಾವ, ನನ್ನಿಂದ ತಪ್ಪಾಯ್ತು,” ಎಂದ ತಿರುಮಲೇಶ. ಬಡಿಸಲು ಹೇಳಿದವನು ನಾನೇ ಎಂದೆ.

ಪಿಂಡವಿಡುವ ಹೊತ್ತಾದ ಅಪರಾಹ್ಣ ಮುಗಿಯಲು ಇನ್ನೂ ಎರಡು ಗಂಟೆಯಿತ್ತು. ಶಾರದ ಮತ್ತೆ ತಲೆಗೆ ನೀರು ಹಾಕಿಕೊಂಡು ಬಂದು ಅಕ್ಕಿ ತೊಳೆದಳು.